ಅದು ಬ್ಯಾಟರಿ ತೊಂದ್ರೆ ಅಲ್ಲ ಸರ್, ಶೀಟ್ ಕೆಳಗೆ ಆಸರೆ ಇಲ್ಲ

ಸರ್, 18 ಎಂಎಂ ಪ್ಲೈವುಡ್ ಅರ್ಧ ಕೊಯ್ಯೋಷ್ಟರಲ್ಲಿ ಕಾರ್ಡ್‌ಲೆಸ್ ಸರ್ಕ್ಯುಲರ್ ಸಾ (ಬ್ಯಾಟರೀಲಿ ಓಡೋ ಗುಂಡು ಬ್ಲೇಡಿನ ಗರಗಸ) ಸಿಕ್ಕಾಕ್ಕೊಂಡು ಹಿಂದಕ್ಕೆ ಒದೆಯುತ್ತೆ, ಬ್ಯಾಟರಿ ವೀಕಾ ಅಂತ ಕೇಳಿದ್ರಲ್ಲ, ನೀವು ಶೀಟನ್ನ ಎರಡೇ ಸ್ಟೂಲ್ ಮೇಲಿಟ್ಟು ನಡುವೆ ಕೊಯ್ತಿದ್ದೀರ, ಅದು ಬಾಗಿ, ಕೊಯ್ದ ಸೀಳು ಮುಚ್ಕೊಂಡು ಬ್ಲೇಡನ್ನ ಕಚ್ಕೊಳ್ಳುತ್ತೆ. ಕೆಳಗೆ ನಾಲ್ಕು ರೀಪರ್ (ಉದ್ದನೆ ಮರದ ಪಟ್ಟಿ) ಹಾಕಿ, ಕೊಯ್ಯೋ ಗೆರೆಯಿಂದ ಆಚೆ ಎರಡು ಈಚೆ ಎರಡು. ಬ್ಲೇಡ್ ಹಲ್ಲು ಶೀಟ್ ಕೆಳಗೆ 5 ಎಂಎಂ ಇಣುಕಿದ್ರೆ ಸಾಕು. ಗೆರೆ ನೇರಕ್ಕೆ ನಿಲ್ಲಬೇಡಿ, ಪಕ್ಕಕ್ಕೆ ಸರಿದು ನಿಂತ್ಕೊಳಿ. ಸಿಕ್ಕಾಕ್ಕೊಂಡ್ರೆ ಟ್ರಿಗರ್ ಬಿಟ್ಟು ಬ್ಲೇಡ್ ಪೂರ್ತಿ ನಿಂತ್ಮೇಲೇ ಎತ್ತಿ, ತಿರುಗ್ತಿರುವಾಗ ಹಿಂದಕ್ಕೆ ಎಳೀಬೇಡಿ. ನನ್ನ ತಮ್ಮ ಹಂಗೇ ಎಳೆದು ಪ್ಯಾಂಟು ತೊಡೆ ಹತ್ರ ಹರ್ಕೊಂಡ, ಪುಣ್ಯಕ್ಕೆ ಚರ್ಮಕ್ಕೆ ತಾಗ್ಲಿಲ್ಲ. ಬ್ಲೇಡ್ ಮುಚ್ಚೋ ಗಾರ್ಡ್ ಒಳಗೆ ಮರದ ಚೂರು ಸಿಕ್ಕಿದ್ರೂ ಅಷ್ಟೇ, ಬ್ಲೇಡ್ ಬದಲಾಯಿಸೋದಾದ್ರೂ ಅಷ್ಟೇ, ದಯವಿಟ್ಟು ಮೊದಲು ಬ್ಯಾಟರಿ ತೆಗೆದು ಪಕ್ಕಕ್ಕಿಡಿ.