ಹಿತ್ತಾಳೆ ಕೊಡದ ಲೈಟಿಗೆ ಅರ್ತಿಂಗ್ ಎಲ್ಲಿ?

ಹಳೇ ಕೊಡ, ಹೂದಾನಿ, ಬುಟ್ಟಿ ತೂಗುಹಾಕಿ ಲೈಟ್ ಮಾಡುವ ಹುಚ್ಚು ನಮ್ಮೂರಲ್ಲೂ ಜಾಸ್ತಿಯಾಗಿದೆ. ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಕೆಲಸಕ್ಕೆ ಮೊದಲು ಮೇನ್ ಆಫ್ ಮಾಡಬೇಕಾ ಅಂತ ಕೇಳುವವರು ದಯವಿಟ್ಟು ಆ ಕೆಲಸಕ್ಕೇ ಕೈ ಹಾಕಬೇಡಿ.

ಪ್ರಶ್ನೆ: ಶೋಕೇಸ್‌ನಲ್ಲಿದ್ದ ಅಜ್ಜಿಯ ಹಿತ್ತಾಳೆ ಕೊಡಕ್ಕೆ ತೂತು ಕೊರೆಸಿ ಊಟದ ಟೇಬಲ್ ಮೇಲೆ ಲೈಟ್ ಹಾಕಿಸಿದ್ದೇನೆ. ಒರೆಸುವಾಗ ಕೈ ಜುಮ್ಮೆನ್ನುತ್ತದೆ. ಹಾಕಿದವನು ‘ಎಲ್‌ಇಡಿ ಅಲ್ವಾ ಅಕ್ಕಾ, ಏನೂ ಆಗಲ್ಲ’ ಅಂದ. ನಿಜವೇ?
– ಗೃಹಿಣಿ, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಸುಳ್ಳು. ಇವತ್ತೇ ಆ ಲೈಟ್ ಬಂದ್ ಮಾಡಿಸಿ. ಬಲ್ಬ್ 9 ವ್ಯಾಟ್ ಇರಬಹುದು ಅಮ್ಮಾ, ಹೋಲ್ಡರ್‌ಗೆ ಬರುವುದು 230 ವೋಲ್ಟೇ. ತೂತಿನ ಚೂಪು ಅಂಚಿಗೆ ವೈರ್ ಉಜ್ಜಿ ಸಿಪ್ಪೆ ಹರಿದಿರಬಹುದು. ಎಂಸಿಬಿ (ಲೋಡ್ ಹೆಚ್ಚಾದರೆ, ಶಾರ್ಟ್ ಆದರೆ ತಾನೇ ಬೀಳುವ ಬೋರ್ಡಿನ ಸ್ವಿಚ್ಚು) ಕಾಪಾಡುತ್ತದೆ ಅಂತಲೂ ನಂಬಬೇಡಿ. ಮನುಷ್ಯನ ಜೀವ ತೆಗೆಯುವಷ್ಟು ಕರೆಂಟಿಗೆ ಅದು ಅಲ್ಲಾಡುವುದೂ ಇಲ್ಲ. ಅದಕ್ಕೆ 30 ಮಿಲಿಆಂಪ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು ಬೇಕು.

ಮೂರು ಎಳೆಯ ವೈರ್ ಹಾಕಿಸಿ. ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ಹಸಿರು ಅರ್ತ್ ಎಳೆಗೆ ಲಗ್ (ವೈರ್ ತುದಿಯ ಲೋಹದ ಬಳೆ) ಒತ್ತಿ, ಕೊಡದ ಒಳಮೈಯ ಪಾಲಿಶ್ ಕೆರೆದು, ನಟ್ಟು-ಬೋಲ್ಟಲ್ಲಿ ಬಿಗಿಸಬೇಕು. ಸುಮ್ನೆ ಸುತ್ತಿ ಟೇಪ್ ಹಚ್ಚುವುದಲ್ಲ. ತೂತಿಗೆ ರಬ್ಬರ್ ಬುಷ್ ಇರಲಿ. ಭಾರ ಹೊರಬೇಕಾದ್ದು ಚೈನು, ವೈರಲ್ಲ. ಕೊನೆಗೆ ಮೇನ್ ಆಫ್ ಇದ್ದಾಗಲೇ ಕೊಡಕ್ಕೂ ಬೋರ್ಡಿನ ಅರ್ತ್‌ಗೂ ಮಲ್ಟಿಮೀಟರ್ ಹಿಡಿಸಿ. ಒಂದು ಓಮ್‌ಗಿಂತ ಕಡಿಮೆ ತೋರಿಸಬೇಕು.

ಹಳೇ ಮನೆಗಳಲ್ಲಿ ಲೈಟ್ ಪಾಯಿಂಟಿಗೆ ಎರಡೇ ವೈರ್ ಇರುವುದುಂಟು. ಆಗ ಕೆಲವು ಮಹಾಶಯರು ಕೊಡವನ್ನು ನ್ಯೂಟ್ರಲ್‌ಗೇ (ಕರೆಂಟ್ ವಾಪಸ್ ಹೋಗುವ ವೈರ್) ಸೇರಿಸಿ ‘ಅರ್ತಿಂಗ್ ಆಯ್ತು’ ಅನ್ನುತ್ತಾರೆ. ಅಂಥವರನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ಹಿಂದೆ ಎಲ್ಲೋ ನ್ಯೂಟ್ರಲ್ ಬಿಟ್ಟುಹೋದರೆ, ಓಡುತ್ತಿರುವ ಫ್ಯಾನು, ಫ್ರಿಜ್ ಮೂಲಕ ಫೇಸ್ ಬಂದು ಆ ಕೊಡದ ಮೈಗೆ ಕೂರುತ್ತದೆ. ಬೋರ್ಡಿನಿಂದ ಹೊಸ ಅರ್ತ್ ವೈರ್ ಎಳೆಸಿ. ಗೋಡೆ ಒಡೆಯುವುದು ಬೇಡವೆಂದರೆ ಕೊಡ ಶೋಕೇಸ್‌ಗೇ ವಾಪಸ್ ಹೋಗಲಿ, ಬಿದಿರು ಬುಟ್ಟಿ ತೂಗುಹಾಕಿ.

ನನ್ನನ್ನು ಕೇಳಿದರೆ, ಅರ್ತಿಂಗ್ ಸರಿಯಿದ್ದರೂ ಲೋಹದ ಲೈಟನ್ನು ಊಟದ ಟೇಬಲ್ ಮೇಲೆ ಕೈಗೆಟುಕುವ ಹಾಗೆ ಹಾಕುವುದಿಲ್ಲ. ಒದ್ದೆ ಕೈ, ಒದ್ದೆ ಬಟ್ಟೆ ಓಡಾಡುವ ಜಾಗ ಅದು. ಪುಕ್ಕಲು ಅನ್ನಿ, ಪರವಾಗಿಲ್ಲ.

ಪ್ರಶ್ನೆ: ಕಂಬಳಿ ತುಂಡಿನಿಂದ ಶೇಡ್ ಹೊಲಿಯಬಹುದೇ? – ಚಳ್ಳಕೆರೆ

ಉತ್ತರ: ಎಲ್‌ಇಡಿ ಹಾಕಿ, ಬಟ್ಟೆ ಬಲ್ಬಿಗೆ ತಾಗದಿರಲಿ, ಮೇಲೆ ಕೆಳಗೆ ಗಾಳಿಯಾಡಲಿ. ಗಾಳಿ ಇಲ್ಲದಿದ್ದರೆ ಬಲ್ಬ್ ಬೇಗ ಹೋಗುತ್ತದೆ.

ಪ್ರಶ್ನೆ: ಆಕಾಶಬುಟ್ಟಿಗೆ ಹಳೇ 60 ವ್ಯಾಟ್ ಬಲ್ಬ್ ಆಗುತ್ತದಾ? – ಚಿತ್ರದುರ್ಗ

ಉತ್ತರ: ಕಾಗದಕ್ಕೆ ಬೆಂಕಿ ಹಚ್ಚುವ ಆಸೆಯಿದ್ದರೆ ಆಗುತ್ತದೆ.

ಪ್ರಶ್ನೆ: ಐದು ಕೆಜಿ ಹೂದಾನಿಯನ್ನು ಪಿಒಪಿ ಸೀಲಿಂಗ್‌ಗೆ ನೇತುಹಾಕಬಹುದೇ? – ಹರಿಹರ

ಉತ್ತರ: ಇಲ್ಲ. ಮೇಲಿನ ಆರ್‌ಸಿಸಿಗೆ (ಕಾಂಕ್ರೀಟ್ ಛಾವಣಿಗೆ) ಆಂಕರ್ ಬೋಲ್ಟ್ ಹೊಡೆಸಿ.

ಪ್ರಶ್ನೆ: ಟೆಸ್ಟರ್ ಉರಿಯಲಿಲ್ಲ ಅಂದರೆ ಕರೆಂಟ್ ಇಲ್ಲ ಅಂತ ತಾನೇ? – ಹೊಳಲ್ಕೆರೆ

ಉತ್ತರ: ಟೆಸ್ಟರ್ರೇ ಕೆಟ್ಟಿರಬಹುದು. ಮೊದಲು ಕರೆಂಟ್ ಇರುವ ಸಾಕೆಟ್‌ಗೆ ಹಿಡಿದು ನೋಡಿ.