ಹ್ಯಾನೋವರ್ ಮನೆಯ ತಾಯಿಪತ್ರ

ಓದುಗರೊಬ್ಬರ ಪತ್ರ: ಪೆನ್ಸಿಲ್ವೇನಿಯಾದ ವಿಲ್ಕ್ಸ್-ಬ್ಯಾರಿ ಪಕ್ಕದ ಹ್ಯಾನೋವರ್‌ನಲ್ಲಿ ಮನೆ ಕೊಂಡಿದ್ದೇವೆ. ಹಳೆಯ ಕ್ರಯಪತ್ರದಲ್ಲಿ ಇದು ‘ಸರ್ಟಿಫೈಡ್ ಟೌನ್‌ಷಿಪ್ ಆಫ್ ಹ್ಯಾನೋವರ್’ನ ಲಾಟ್ ಎಂದಿದೆ. ಕನೆಕ್ಟಿಕಟ್‌ನಿಂದ ಮೊದಲು ಬಂದ ತಮ್ಮ ಹಿರಿಯರದೇ ಈ ನೆಲ ಎಂದು ನೆರೆಮನೆಯವರು ಹೇಳುತ್ತಾರೆ. ಅದು ಹೇಗೆ? ತಾಯಿಪತ್ರ ಎಲ್ಲಿ ಸಿಕ್ಕೀತು?

ಸಂಪಾದಕರ ಉತ್ತರ: ಗುಟ್ಟೆಲ್ಲ ‘ಸರ್ಟಿಫೈಡ್’ ಎಂಬ ಆ ಒಂದು ಪದದಲ್ಲಿದೆ.

1662ರಲ್ಲಿ ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ಕನೆಕ್ಟಿಕಟ್‌ಗೆ ಕೊಟ್ಟ ಸನ್ನದಿನಲ್ಲಿ ಪಶ್ಚಿಮದ ಎಲ್ಲೆ ಸಮುದ್ರ. 1681ರಲ್ಲಿ ಅದೇ ರಾಜ ಆ ನೆಲದ ಒಂದು ಭಾಗವನ್ನು ಪೆನ್ಸಿಲ್ವೇನಿಯಾದ ಸ್ಥಾಪಕ ವಿಲಿಯಂ ಪೆನ್‌ಗೂ ಬರೆದುಕೊಟ್ಟ. ಒಂದೇ ಜಮೀನಿಗೆ ಎರಡು ಸನ್ನದು. ಮೂಲನಿವಾಸಿಗಳಿಂದ ಕೊಂಡ ಪತ್ರಗಳೂ ಎರಡೇ: 1754ರಲ್ಲಿ ಆಲ್ಬನಿಯಲ್ಲಿ ಕನೆಕ್ಟಿಕಟ್‌ನವರ ಸಸ್ಕ್ವೆಹಾನಾ ಕಂಪನಿ ನಿಮ್ಮ ಊರಿರುವ ಕಣಿವೆಗಾಗಿ ಇರೊಕ್ವಾ ಎಂಬ ಮೂಲನಿವಾಸಿ ಒಕ್ಕೂಟದ ಕೆಲವು ಮುಖಂಡರ ಸಹಿ ಪಡೆಯಿತು, 1768ರ ಫೋರ್ಟ್ ಸ್ಟ್ಯಾನ್‌ವಿಕ್ಸ್ ಒಪ್ಪಂದದಲ್ಲಿ ಪೆನ್ ಮನೆತನ ಅದೇ ಕಣಿವೆಯನ್ನು ಇರೊಕ್ವಾಗಳಿಂದಲೇ ಕೊಂಡಿತು. ಅಲ್ಲಿ ನಿಜಕ್ಕೂ ಬಾಳುತ್ತಿದ್ದ ಡೆಲವೇರ್ ಜನರ ಒಪ್ಪಿಗೆ ಯಾರಿಗೂ ಬೇಕಿರಲಿಲ್ಲ. ಅವರ ಮುಖಂಡ ಟೀಡ್ಯುಸ್ಕಂಗ್ 1763ರ ಏಪ್ರಿಲ್‌ನಲ್ಲಿ ತನ್ನ ಮನೆಗೆ ಬಿದ್ದ ಬೆಂಕಿಯಲ್ಲಿ ಸತ್ತ. ‘ಮೊದಲು ಬಂದವರು’ ಎಂಬ ಮಾತು ಕೇಳಿದಾಗ ಇದನ್ನು ಮರೆಯಬೇಡಿ.

1769ರಿಂದ ಕನೆಕ್ಟಿಕಟ್‌ನವರು ಇಲ್ಲಿ ಬೇರೂರತೊಡಗಿದರು. ಒಂದು ಟೌನ್‌ಷಿಪ್ ಎಂದರೆ 5 ಮೈಲಿ ಉದ್ದ, 5 ಮೈಲಿ ಅಗಲ. ಚೀಟಿ ಎತ್ತಿ ಹಂಚುತ್ತಿದ್ದರು, ಅದೂ ಒಂದೇ ಕಡೆ ಅಲ್ಲ. ವಿಲ್ಕ್ಸ್-ಬ್ಯಾರಿಯಲ್ಲಿ ಒಂದು ಪಾಲಿಗೆ ಮನೆ ಜಾಗ, ಹೊಳೆ ಬಯಲಿನ ಹುಲ್ಲುಗಾವಲು, ಹಿಂದಿನ ಉದ್ದ ಪಟ್ಟಿ, 5 ಎಕರೆಯ ತುಂಡು ಹೀಗೆ ನಾಲ್ಕು ಹಿಸ್ಸೆ. ಹಾಗಾಗಿ ಒಬ್ಬನೇ ಮನುಷ್ಯನ ಹೆಸರಿನಲ್ಲಿ ಹಲವು ಲಾಟ್ ಸಂಖ್ಯೆ ಕಂಡರೆ ಗಾಬರಿ ಬೇಡ.

ನಿಮ್ಮ ಹ್ಯಾನೋವರ್ ಕತೆ ಇನ್ನೂ ಬೇರೆ. ಪೆನ್ ಆಡಳಿತದ ಮೇಲೆ ಮುನಿದಿದ್ದ ಲಜಾರಸ್ ಸ್ಟೂವರ್ಟ್ ಮತ್ತವನ ಸಂಗಡಿಗರು 1770ರಲ್ಲಿ ಕನೆಕ್ಟಿಕಟ್ ಪಕ್ಷ ಸೇರಿದ್ದಕ್ಕೆ ಈ ಟೌನ್‌ಷಿಪ್ ಸಿಕ್ಕಿತು. ಅವರು ಬಂದದ್ದು ಪೆನ್ಸಿಲ್ವೇನಿಯಾದ್ದೇ ಲ್ಯಾಂಕಾಸ್ಟರ್ ಕೌಂಟಿಯಿಂದ. ಹ್ಯಾನೋವರ್ ಎಂಬುದು ಅಲ್ಲಿನ ಅವರ ಊರಿನ ಹೆಸರು. ನೆರೆಯವರ ಹಿರಿಯರು ಕನೆಕ್ಟಿಕಟ್‌ನವರೇ ಎಂದು ಹುಡುಕುವ ಮೊದಲು ಲ್ಯಾಂಕಾಸ್ಟರ್ ದಾಖಲೆ ನೋಡಲಿ.

ಇತ್ತ ಪೆನ್ ಕಡೆಯವರೂ ಇದೇ ನೆಲವನ್ನು ತಮ್ಮವರಿಗೆ ಅಳೆದುಕೊಟ್ಟಿದ್ದರು. ಬಂದೂಕಿನ ಜಗಳ 1784ರವರೆಗೂ ಮರುಕಳಿಸಿತು. ನಡುವೆ, 1782ರ ಡಿಸೆಂಬರ್ 30ರಂದು ಎರಡು ರಾಜ್ಯಗಳ ವ್ಯಾಜ್ಯಕ್ಕೆ ಟ್ರೆಂಟನ್‌ನಲ್ಲಿ ಬಂದ ತೀರ್ಪನ್ನು ಬಹಳ ಜನ ತಪ್ಪಾಗಿ ಓದುತ್ತಾರೆ. ಕಣಿವೆಯ ಆಳ್ವಿಕೆ ಪೆನ್ಸಿಲ್ವೇನಿಯಾದ್ದು ಎಂದಷ್ಟೇ ಅದು ಹೇಳಿತು. ಯಾವ ಹೊಲ ಯಾರದು ಎಂಬುದನ್ನು ಮುಟ್ಟಲಿಲ್ಲ. ಕನೆಕ್ಟಿಕಟ್ ಕಡೆಯ ರೈತರ ಹಕ್ಕನ್ನು ಒಪ್ಪಿದ ಪೆನ್ಸಿಲ್ವೇನಿಯಾದ 1787ರ ಕಾಯ್ದೆಯನ್ನು 1790ರಲ್ಲಿ ಹಿಂತೆಗೆದುಕೊಂಡರು. ಕೊನೆಗೆ ಗಂಟು ಬಿಡಿಸಿದ್ದು 1799ರ ಏಪ್ರಿಲ್‌ನ ರಾಜಿ ಕಾಯ್ದೆ. ಅದು 17 ಟೌನ್‌ಷಿಪ್‌ಗಳಿಗೆ ಮಾತ್ರ ಅನ್ವಯ, ಹ್ಯಾನೋವರ್ ಅದರಲ್ಲೊಂದು. ಟ್ರೆಂಟನ್ ತೀರ್ಪಿಗೆ ಮೊದಲೇ ಆ ಲಾಟ್ ಹಂಚಿಕೆಯಾಗಿತ್ತೇ ಎಂದು ಕಮಿಷನರುಗಳು ಪರಿಶೀಲಿಸಿ, ನೆಲದ ಗುಣ ನೋಡಿ ನಾಲ್ಕು ದರ್ಜೆ ಕಟ್ಟಿ, ಸರ್ಟಿಫಿಕೇಟ್ ಕೊಟ್ಟರು. ಎಕರೆಗೆ 2 ಡಾಲರ್, 1.20 ಡಾಲರ್, 50 ಸೆಂಟ್, ಕನಿಷ್ಠ ದರ್ಜೆಗೆ ಎಂಟೂಕಾಲು ಸೆಂಟಿಗಿಂತ ತುಸು ಹೆಚ್ಚು. ಅದನ್ನು ಕಟ್ಟಿದ ಮೇಲೆ ರಾಜ್ಯದ ಪೇಟೆಂಟ್, ಅಂದರೆ ಸರ್ಕಾರವೇ ಬರೆದುಕೊಡುವ ನೆಲದ ಹಕ್ಕುಪತ್ರ. ಹಕ್ಕು ಬಿಟ್ಟುಕೊಟ್ಟ ಪೆನ್ಸಿಲ್ವೇನಿಯಾ ಕಡೆಯವರಿಗೆ ಸರ್ಕಾರ ಪರಿಹಾರ ಕೊಟ್ಟಿತು. ಆದ್ದರಿಂದ ನಿಮ್ಮ ತಾಯಿಪತ್ರ ಯಾವ ಹಿರಿಯರು ಮೊದಲು ಬಂದರು ಎಂಬುದಲ್ಲ. ಆ ಸರ್ಟಿಫಿಕೇಟ್ ಮತ್ತು ಅದರ ಮೇಲಿನ ಪೇಟೆಂಟ್.

ಹುಡುಕುವ ಕ್ರಮ: ವಿಲ್ಕ್ಸ್-ಬ್ಯಾರಿಯ ಲುಜರ್ನ್ ಕೌಂಟಿ ನೋಂದಣಿ ಕಚೇರಿಯಲ್ಲಿ ನಿಮಗೆ ಮಾರಿದವರ ಹೆಸರಿನಿಂದ ಶುರುಮಾಡಿ, ಕೊಂಡವರ ಸೂಚಿ ಹಿಡಿದು ಒಂದೊಂದೇ ಕ್ರಯಪತ್ರ ಹಿಂದಕ್ಕೆ ಹೋಗಿ. ಲುಜರ್ನ್ ಹುಟ್ಟಿದ್ದು 1786ರಲ್ಲಿ. ಅದಕ್ಕೂ ಹಿಂದಿನ ಪೆನ್ಸಿಲ್ವೇನಿಯಾ ಕಾಗದಗಳಿಗೆ ಸನ್‌ಬರಿಯಲ್ಲಿರುವ ನಾರ್ತಂಬರ್‌ಲ್ಯಾಂಡ್ ಕೌಂಟಿ ಕಚೇರಿ. ಸರ್ಟಿಫಿಕೇಟ್, ಪೇಟೆಂಟ್‌ಗಳಿಗೆ ಹ್ಯಾರಿಸ್‌ಬರ್ಗ್‌ನ ರಾಜ್ಯ ಪತ್ರಾಗಾರ. ಅಲ್ಲಿ ಇಂದಿನ ವಿಳಾಸ ಕೊಟ್ಟರೆ ಉಪಯೋಗವಿಲ್ಲ. ಟೌನ್‌ಷಿಪ್ ಹೆಸರು ಮತ್ತು ಲಾಟ್ ಸಂಖ್ಯೆ ಕೊಡಿ. ಹಳೆಯ ಅಳತೆ ‘ಪರ್ಚ್’ನಲ್ಲಿರುತ್ತದೆ: ಒಂದು ಪರ್ಚ್ ಹದಿನಾರೂವರೆ ಅಡಿ, 160 ಚದರ ಪರ್ಚ್ ಒಂದು ಎಕರೆ.

ಎಡವುವ ಜಾಗಗಳೂ ಇವೆ. ಸರ್ಟಿಫಿಕೇಟ್‌ನಲ್ಲೊಂದು ಹೆಸರು, ಪೇಟೆಂಟ್‌ನಲ್ಲಿ ಇನ್ನೊಂದು ಇದ್ದರೆ ಸರಪಳಿ ಕಡಿಯಿತು ಎನ್ನಬೇಡಿ. ನಡುವೆ ಮಾರಾಟವಾಗಿರುತ್ತದೆ, ಆ ಪತ್ರ ಹುಡುಕಿ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ನಡುವೆ ಇದೇ ಕಣಿವೆಯಲ್ಲಿ ನಡೆದ 1778ರ ಜುಲೈ 3ರ ಕಾಳಗದಲ್ಲಿ ಸ್ಟೂವರ್ಟ್ ಸೇರಿ ಎಷ್ಟೋ ಮನೆಯ ಯಜಮಾನರು ಸತ್ತರು. ಆ ಬಳಿಕ ಅದೇ ಹೆಸರು ಕಂಡರೆ ಅದು ಮಗನದಿರಬಹುದು. 1785ರಲ್ಲಿ ಸಸ್ಕ್ವೆಹಾನಾ ಕಂಪನಿ ಆಯುಧ ಹಿಡಿಯಬಲ್ಲವರಿಗೆ ಕೊಟ್ಟ ‘ಅರ್ಧ ಪಾಲು’ ಟ್ರೆಂಟನ್ ತೀರ್ಪಿನ ನಂತರದ್ದು. 1799ರ ಕಾಯ್ದೆಯಲ್ಲಿ ಅದಕ್ಕೆ ಜಾಗವಿಲ್ಲ.

ಇಷ್ಟೆಲ್ಲ ಓದುವಾಗ ಕಲ್ಲಿದ್ದಲು ಎಂಬ ಪದ ಕಂಡಲ್ಲಿ ನಿಲ್ಲಿ. ಈ ಕೌಂಟಿಯಲ್ಲಿ ನೆಲದ ಮೇಲಿನ ಹಕ್ಕನ್ನೂ ಕೆಳಗಿನ ಕಲ್ಲಿದ್ದಲಿನ ಹಕ್ಕನ್ನೂ ಬೇರೆಬೇರೆ ಮಾರಿದ್ದು ಸಾಮಾನ್ಯ. ನಿಮ್ಮ ಪತ್ರದಲ್ಲೂ ಹಾಗಿದ್ದರೆ, ಗಣಿ ಕುಸಿತಕ್ಕೆಂದು ರಾಜ್ಯದ ಪರಿಸರ ಇಲಾಖೆಯೇ ನಡೆಸುವ ವಿಮೆಯನ್ನು ಈ ತಿಂಗಳಲ್ಲೇ ಮಾಡಿಸಿಕೊಳ್ಳಿ.