ಎಷ್ಟು ಸೆಕೆಂಡು ಉಳಿಯಿತು?

ನಮಸ್ಕಾರ,

‘ಅಳತೆಗೆ ಹೊಲಿಸಿದ ಅಂಗಿ’ ಎಂಬ ನಿಮ್ಮ ಲೇಖನ ಓದಿದೆ. ಜೆಂಟೂ ಲಿನಕ್ಸ್ ಹಾಕಿಕೊಂಡು, ಒಂದೊಂದೇ ಪ್ಯಾಕೇಜನ್ನು ಸೋರ್ಸ್‌ನಿಂದ ನಿಮ್ಮ ಪ್ರೊಸೆಸರಿಗೆ ತಕ್ಕಂತೆ ಕಂಪೈಲ್ ಮಾಡಿದ, ಅಂದರೆ ಮೂಲ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸಿದ ಕಥೆ. ಭಾಷೆ ತಿಳಿಯಾಗಿದೆ, ಅಂಗಿಯ ಹೋಲಿಕೆಯೂ ಚೆನ್ನಾಗಿದೆ. ಆದರೆ ಎರಡನೇ ಪುಟ ದಾಟಲು ನನಗೆ ಆಗಲಿಲ್ಲ.

‘ಮಾರ್ಚ್=ನೇಟಿವ್ ಕೊಟ್ಟೆ. ಎಫ್‌ಎಫ್‌ಎಂಪೆಗ್ ರಾಕೆಟ್ಟಿನಂತೆ ಹಾರಿತು’ ಅಂತ ಬರೆದಿದ್ದೀರಿ. ಎಫ್‌ಎಫ್‌ಎಂಪೆಗ್ ವಿಡಿಯೊ ಪರಿವರ್ತಿಸುವ ಪ್ರೋಗ್ರಾಂ, ‘ಮಾರ್ಚ್=ನೇಟಿವ್’ ಅನ್ನುವುದು ‘ಈ ಪ್ರೊಸೆಸರಿಗೆ ಗೊತ್ತಿರುವ ಎಲ್ಲ ಇನ್‌ಸ್ಟ್ರಕ್ಷನ್ ಬಳಸು’ ಅಂತ ಕಂಪೈಲರಿಗೆ ಕೊಡುವ ಫ್ಲ್ಯಾಗ್, ಅಂದರೆ ಸೂಚನೆ. ಇದನ್ನು ಓದುಗರಿಗೂ ಹೇಳಬೇಕಿತ್ತು.

ರಾಕೆಟ್ಟು ಬೇಡ. ಮೊದಲು ಎಷ್ಟು ಸೆಕೆಂಡು, ಆಮೇಲೆ ಎಷ್ಟು? ಸಮಯ ಅಳೆಯುವ ‘ಟೈಮ್’ ಕಮಾಂಡು ಟರ್ಮಿನಲ್‌ನಲ್ಲೇ ಇದೆ, ಅಲ್ವಾ? ಅದಿರಲಿ, ಉದಾಹರಣೆಯೇ ಎಡವಟ್ಟು. ಎಫ್‌ಎಫ್‌ಎಂಪೆಗ್‌ನಲ್ಲಿ ಜಾಸ್ತಿ ಹೊರೆ ಬೀಳುವ ಜಾಗಗಳನ್ನು ಅಸೆಂಬ್ಲಿಯಲ್ಲಿ, ಅಂದರೆ ನೇರ ಪ್ರೊಸೆಸರಿನ ಇನ್‌ಸ್ಟ್ರಕ್ಷನ್‌ಗಳಲ್ಲೇ, ಕೈಯಾರೆ ಬರೆದಿದ್ದಾರೆ. ಓಡುವಾಗ ಪ್ರೋಗ್ರಾಮೇ ಪ್ರೊಸೆಸರನ್ನು ನೋಡಿ, ಒಂದೇ ಸಲಕ್ಕೆ ಹಲವು ಸಂಖ್ಯೆಗಳ ಲೆಕ್ಕ ಮಾಡುವ ಏವಿಎಕ್ಸ್2 ಇನ್‌ಸ್ಟ್ರಕ್ಷನ್‌ಗಳಿದ್ದರೆ ಆ ದಾರಿ ಹಿಡಿಯುತ್ತದೆ. ಮೊದಲೇ ಕಂಪೈಲ್ ಆಗಿ ಸಿಗುವ ರೆಡಿಮೇಡ್ ಪ್ಯಾಕೇಜೂ ಹಾಗೇ ಮಾಡುತ್ತದೆ. ನಿಮ್ಮ ಫ್ಲ್ಯಾಗ್ ಮುಟ್ಟುವುದು ಉಳಿದ ಸಿ ಕೋಡನ್ನು ಮಾತ್ರ. ಫ್ಲೋಟ್‌ಗಳ, ಅಂದರೆ ದಶಮಾಂಶ ಸಂಖ್ಯೆಗಳ, ದೊಡ್ಡ ಪಟ್ಟಿಯ ಮೇಲೆ ಸುತ್ತುವ, ನೀವೇ ಬರೆದ ಒಂದು ಲೂಪ್ ತೆಗೆದುಕೊಂಡಿದ್ದರೆ ಮಾತು ಬೇರೆ. ಮಾಮೂಲಿ 64 ಬಿಟ್ ಬಿಲ್ಡ್ ಇದೇ ಜಾತಿಯ ಹಳೆಯ ಎಸ್‌ಎಸ್‌ಇ2 ಇನ್‌ಸ್ಟ್ರಕ್ಷನ್‌ಗಳನ್ನು ದಾಟುವುದಿಲ್ಲ, ಒಂದು ಸಲಕ್ಕೆ 4 ಫ್ಲೋಟ್. ಏವಿಎಕ್ಸ್ ಆದರೆ 8. ಅಲ್ಲಿ ನಿಮ್ಮ ದರ್ಜಿ ನಿಜಕ್ಕೂ ಕೆಲಸ ಮಾಡುತ್ತಾನೆ.

ಮುಂದಿನ ಸಾಲು: ‘ಈ ಬೈನರಿಯನ್ನು ಅಣ್ಣನ ಹಳೇ ಲ್ಯಾಪ್‌ಟಾಪಿಗೂ ಹಾಕಿಕೊಡಬಹುದು.’

ಅಯ್ಯೋ, ಕಂಪೈಲ್ ಆದ ಆ ಪ್ರೋಗ್ರಾಮನ್ನು ಹಾಕಿ ನೋಡಿದಿರಾ? ಅಳತೆಗೆ ಹೊಲಿಸಿದ್ದು ಅಂದಮೇಲೆ ಅಣ್ಣನಿಗೆ ಹೇಗೆ ಹಿಡಿಸೀತು? ಇಂಟೆಲ್‌ಗೆ ಏವಿಎಕ್ಸ್2 ಬಂದದ್ದೇ 2013ರಲ್ಲಿ, ಹ್ಯಾಸ್ವೆಲ್ ಜೊತೆ. ಅದಕ್ಕಿಂತ ಹಳೆಯ ಮೆಷಿನ್ನಿನಲ್ಲಿ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಅಂತ ಪ್ರೋಗ್ರಾಂ ಬಿದ್ದುಹೋಗುತ್ತದೆ. ಅದೂ ಶುರುವಿನಲ್ಲೇ ಬೀಳಬೇಕೆಂದಿಲ್ಲ. ಆ ಇನ್‌ಸ್ಟ್ರಕ್ಷನ್ ಎದುರಾಗುವವರೆಗೆ ಚೆನ್ನಾಗಿಯೇ ಓಡುತ್ತಿರುತ್ತದೆ. ಇನ್ನೊಬ್ಬರಿಗೂ ಕೊಡುವುದಿದ್ದರೆ ‘ಮಾರ್ಚ್’ ಮುಟ್ಟದೆ ‘ಎಂಟ್ಯೂನ್’ ಫ್ಲ್ಯಾಗ್ ಮಾತ್ರ ಬಳಸಿ. ಅದು ಹೊಸ ಇನ್‌ಸ್ಟ್ರಕ್ಷನ್ ತುರುಕುವುದಿಲ್ಲ, ಇರುವುದನ್ನೇ ನಿಮ್ಮ ಪ್ರೊಸೆಸರಿಗೆ ಹಿತವಾಗುವಂತೆ ಜೋಡಿಸುತ್ತದೆ.

ನನಗೇಕೆ ಇಷ್ಟು ಉರಿ ಅಂದರೆ, ನಾನೂ ಇದನ್ನೇ ಮಾಡಿದವನು. 2004ರ ಸುಮಾರು. ಆಗಿನ ಜಿಸಿಸಿ ಕಂಪೈಲರಿನಲ್ಲಿ ‘ನೇಟಿವ್’ ಇರಲಿಲ್ಲ, ‘ಪೆಂಟಿಯಂ4’ ಅಂತ ನಾವೇ ಬರೆಯಬೇಕಿತ್ತು. ರಾತ್ರಿಯಿಡೀ ಕೆಡಿಇ ಡೆಸ್ಕ್‌ಟಾಪ್ ಕಂಪೈಲ್ ಆಗುತ್ತಿತ್ತು, ಬೆಳಗಿನ ಜಾವ ಕರೆಂಟು ಹೋಯಿತು. ಮತ್ತೆ ಮೊದಲಿಂದ. ಅಷ್ಟು ಕಷ್ಟಪಟ್ಟ ಮೇಲೆ ವೇಗ ಹೆಚ್ಚಿಲ್ಲ ಅಂತ ಒಪ್ಪಲು ಮನಸ್ಸು ಬರುತ್ತದೆಯೇ? ‘ಎರಡು ಪಟ್ಟು ವೇಗ’ ಅಂತ ಬರೆದು ಕೊಟ್ಟೆ. ನಮ್ಮ ಸಂಪಾದಕರಿಗೆ ಕಂಪೈಲರ್ ಅಂದರೇನೆಂದೇ ಗೊತ್ತಿರಲಿಲ್ಲ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಗಡಿಯಾರ ನೋಡಿದೆಯಾ?’ ಅಂತ ಬರೆದು ವಾಪಸ್ ಕೊಟ್ಟರು. ಎರಡು ದಿನ ಮುಖ ಊದಿಸಿಕೊಂಡಿದ್ದೆ. ಆಮೇಲೆ ಒಂದೇ ಫೈಲನ್ನು ಹತ್ತು ಸಲ ಜಿಜಿಪ್‌ನಿಂದ ಕುಗ್ಗಿಸಿ ನೋಡಿದೆ. ಒಮ್ಮೆ ನನ್ನದು ಮುಂದೆ, ಒಮ್ಮೆ ರೆಡಿಮೇಡ್ ಮುಂದೆ. ಅಚ್ಚಾದದ್ದು ಆ ಲೇಖನ.

ನೀವೂ ಎರಡೂ ಬೈನರಿಗಳನ್ನು ಹತ್ತತ್ತು ಸಲ ಓಡಿಸಿ, ಬಂದ ಅಂಕಿ ಹಾಗೇ ಕಳಿಸಿ. ಅಣ್ಣನ ಲ್ಯಾಪ್‌ಟಾಪ್ ಯಾವ ವರ್ಷದ್ದು ಅಂತಲೂ ತಿಳಿಸಿ.